ಕಡಲಾಳದ ವಿಡಿಯೊಗೆ ಲಕ್ಷದ ಕ್ಯಾಮೆರಾ ಬೇಕಿಲ್ಲ

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನಡೆಯುವ ಸ್ಕೂಬಾ ಡೈವಿಂಗ್ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ದೋಣಿ ಎಲ್ಲಿಂದ ಹೊರಡುತ್ತದೆ, ಎಷ್ಟು ಹೊತ್ತಿನ ಪಯಣ, ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಎಂಬುದನ್ನೆಲ್ಲ ಲೇಖಕರು ಚೆನ್ನಾಗಿಯೇ ತಿಳಿಸಿದ್ದಾರೆ. ಆದರೆ ನೀರಿನಡಿಯ ದೃಶ್ಯಗಳನ್ನು ವಿಡಿಯೊ ಮಾಡಲು ಎರಡು ಮೂರು ಲಕ್ಷ ರೂಪಾಯಿಯ ಸರಂಜಾಮು ಬೇಕು, ಅಷ್ಟು ಅನುಕೂಲವಿಲ್ಲದವರು ಡೈವಿಂಗ್ ಸಂಸ್ಥೆಯವರು ಮಾಡಿಕೊಡುವ ವಿಡಿಯೊವನ್ನೇ ಕೊಳ್ಳಬೇಕು ಎಂಬರ್ಥದ ಮಾತು ಅದರಲ್ಲಿ ಬಂದಿದೆ. ಹನ್ನೆರಡು ವರ್ಷಗಳಿಂದ ಅಂಗೈಯಲ್ಲಿ ಅಡಗುವ ಅಗ್ಗದ ಕ್ಯಾಮೆರಾಗಳನ್ನೇ ನೀರಿಗಿಳಿಸುತ್ತ ಬಂದಿರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅದೇ ಪುಟದಲ್ಲಿ ಅಚ್ಚಾಗಿರುವ ಚಿತ್ರವೊಂದರಲ್ಲಿ ಮುಳುಗುಗಾರರೊಬ್ಬರು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಇನ್ನೊಂದು ಕೈಯಿಂದ ಆಧಾರಕ್ಕೆಂದು ಹವಳದ ಕವಲನ್ನು ಹಿಡಿದುಕೊಂಡಿದ್ದಾರೆ. ಲೇಖನದ ಮಾತಿಗಿಂತ ಈ ಚಿತ್ರ ನನಗೆ ಹೆಚ್ಚು ಕಸಿವಿಸಿ ಉಂಟುಮಾಡಿದ್ದರಿಂದ, ಪತ್ರ ಉದ್ದವಾದರೂ ಸರಿ ಎಂದು ಬರೆಯಲು ಕೂತಿದ್ದೇನೆ.

ನಾನು ಪೀಣ್ಯದಲ್ಲಿ ಹೈಡ್ರಾಲಿಕ್ ಪಂಪ್ ತಯಾರಿಸುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಕಡಲೇ ಇಲ್ಲದ ಊರಿನವನಿಗೆ ಈ ಹುಚ್ಚು ಹತ್ತಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಅದೂ ಬೆಂಗಳೂರಿನ ಈಜುಕೊಳವೊಂದರಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ತಳದ ನೀಲಿ ಟೈಲ್ಸ್ ಎಣಿಸಿದ ದಿನ. ಅಕ್ಕನ ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟಿದ್ದ ಫ್ಲಿಪ್ ಎಂಬ ಪುಟ್ಟ ವಿಡಿಯೊ ಕ್ಯಾಮೆರಾ ಆಗ ಮನೆಯ ಶೋಕೇಸಿನಲ್ಲಿ ಸುಮ್ಮನೆ ಬಿದ್ದಿತ್ತು. ಮದುವೆ, ನಾಮಕರಣಗಳಿಗೆಂದು ಬಂದದ್ದು ಕೊನೆಗೆ ಮೀನುಗಳ ಪಾಲಾಯಿತು.

ಈ ಪಾಕೆಟ್ ಕ್ಯಾಮ್‌ಕಾರ್ಡರುಗಳನ್ನು ಇಂದಿನ ಹುಡುಗರು ನೋಡಿರಲಾರರು. ಪ್ಯೂರ್ ಡಿಜಿಟಲ್ ಎಂಬ ಕಂಪನಿ 2007ರಲ್ಲಿ ಫ್ಲಿಪ್ ಅನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು ಒಂದು ಸಣ್ಣ ಪರದೆ, ನಡುವೆ ಒಂದು ಕೆಂಪು ಗುಂಡಿ, ಮಡಚುವ ಚಾಕುವಿನ ಹಾಗೆ ಪಕ್ಕದಿಂದ ಹೊರಬರುವ ಯುಎಸ್‌ಬಿ ಕಡ್ಡಿ, ಇಷ್ಟೇ. ನನಗೆ ಸಿಕ್ಕ ಮಾದರಿ ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತಿತ್ತು, 60 ನಿಮಿಷ ಚಿತ್ರೀಕರಿಸುತ್ತಿತ್ತು. ಒಂದು ಸಿಲಿಂಡರಿನ ಗಾಳಿ ನನ್ನಂಥವನಿಗೆ ಬರುವುದೇ ಮುಕ್ಕಾಲು ಗಂಟೆಯ ಒಳಗೆ, ಹಾಗಾಗಿ ಅದು ಧಾರಾಳವಾಗಿ ಸಾಕು. 2009ರಲ್ಲಿ ಸಿಸ್ಕೊ ಸುಮಾರು 59 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನು ಕೊಂಡಿತು, 2011ರ ಏಪ್ರಿಲ್‌ನಲ್ಲಿ ಫ್ಲಿಪ್ ತಯಾರಿಕೆಗೇ ಬೀಗ ಹಾಕಿತು. ಫೋನೇ ಕ್ಯಾಮೆರಾ ಆದ ಮೇಲೆ ಬೇರೊಂದನ್ನು ಜೇಬಿನಲ್ಲಿ ಹೊರುವವರು ಯಾರಿದ್ದಾರೆ? ಕೊಡಾಕ್ ಕಂಪನಿಯ ಪ್ಲೇಸ್ಪೋರ್ಟ್ 2010ರಲ್ಲಿ ಬಂತು; ಕ್ಯಾಮೆರಾಗೆ ನೀರು ತಾಗದಂತೆ ಸುತ್ತ ಮುಚ್ಚುವ ಪೆಟ್ಟಿಗೆಯ ಹಂಗೂ ಅದಕ್ಕೆ ಇರಲಿಲ್ಲ, ನೇರವಾಗಿ ನೀರಿಗಿಳಿಸಬಹುದಿತ್ತು. ಆದರೆ 3 ಮೀಟರ್‌ವರೆಗೆ ಮಾತ್ರ. ಮೂರು ಮೀಟರ್ ಎಂದರೆ ಈಜುಕೊಳದ ಆಳ. ಡೈವಿಂಗಿಗೆ ಅದು ಬಾಗಿಲ ಹೊಸ್ತಿಲು.

ಈಗ ಇವುಗಳ ಜಾಗಕ್ಕೆ ಆ್ಯಕ್ಷನ್ ಕ್ಯಾಮೆರಾಗಳು ಬಂದಿವೆ. ಗೋಪ್ರೊದ 2016ರ ಹೀರೊ 5 ಮಾದರಿ ಪೆಟ್ಟಿಗೆಯಿಲ್ಲದೆ 10 ಮೀಟರ್ ತಾಳುತ್ತದೆ, ಡೈವಿಂಗಿನ ಪೆಟ್ಟಿಗೆ ಹಾಕಿದರೆ 60 ಮೀಟರ್. ಹೊಸದೇ ಬೇಕೆಂದಿಲ್ಲ. ನಾನು ಈಗ ಬಳಸುತ್ತಿರುವುದು ಎಸ್.ಪಿ. ರಸ್ತೆಯಲ್ಲಿ ಕೈಬದಲಾದ ಹಳೆಯ ಕ್ಯಾಮೆರಾ. ಬ್ಯಾಟರಿ ಹೊಸದು ಹಾಕಿಸಿ, ಪೆಟ್ಟಿಗೆ ಬೇರೆ ಕೊಂಡು, ಎಲ್ಲ ಸೇರಿ ಏಳು ಸಾವಿರ ರೂಪಾಯಿಯೊಳಗೆ ಮುಗಿಯಿತು. ಫೋನ್‌ಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ಜಾಹೀರಾತಿನಲ್ಲಿ ಕಾಣುವ ‘ನೀರು ನಿರೋಧಕ’ ಎಂಬ ಮಾತು ಸಿಹಿನೀರಿನಲ್ಲಿ, ನಿಂತ ನೀರಿನಲ್ಲಿ, ಅರ್ಧ ಗಂಟೆಯ ಮಟ್ಟಿಗೆ ನಡೆಸಿದ ಪರೀಕ್ಷೆಯ ಮಾತು. ಉಪ್ಪುನೀರಿಗೂ, ಕಾಲು ಬಡಿಯುತ್ತ ಸಾಗುವ ಡೈವಿಂಗಿಗೂ ಅದು ಅನ್ವಯಿಸುವುದಿಲ್ಲ. ಮೇಲಾಗಿ ನೀರಿನೊಳಗೆ ಟಚ್ ಪರದೆ ಬೆರಳಿನ ಮಾತು ಕೇಳುವುದಿಲ್ಲ. ಒತ್ತಿದರೆ ಒತ್ತಿದೆ ಎಂದು ಬೆರಳಿಗೇ ತಿಳಿಯುವಂಥ ಗುಂಡಿ ಇರಬೇಕು.

ಹಾಗಾದರೆ ಹಣ ಎಲ್ಲಿ ಹಾಕಬೇಕು ಎಂದರೆ ಪೆಟ್ಟಿಗೆಗೆ ಎನ್ನುತ್ತೇನೆ, ಅದಕ್ಕಿಂತ ಹೆಚ್ಚಾಗಿ ಅದರ ಬಾಗಿಲಿನ ಸುತ್ತ ಕೂರುವ ರಬ್ಬರ್ ಉಂಗುರಕ್ಕೆ. ಓ-ರಿಂಗ್ ಎಂದರೆ ನನಗೆ ಅನ್ನ ಕೊಟ್ಟ ವಸ್ತು. ಕಾರ್ಖಾನೆಯಲ್ಲಿ ಪಂಪಿನ ಪ್ರತಿ ಜೋಡಣೆಯಲ್ಲೂ ಅದನ್ನು ಭೂತಗನ್ನಡಿಯಲ್ಲಿ ನೋಡಿ ಪಾಸು ಮಾಡುತ್ತಿದ್ದವನು ನಾನು. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಸರಳವಾಗಿ ಹೇಳುವುದಾದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ. ಹತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲದ ಪೆಟ್ಟಿಗೆಯ ಒಂದು ಮುಖದ ಮೇಲೆ 10 ಮೀಟರ್ ಆಳದಲ್ಲಿ 60 ಕಿಲೋ ಭಾರ ಬೀಳುತ್ತದೆ, ಅಂದರೆ ಅಕ್ಕಿಮೂಟೆಗಿಂತ ಹೆಚ್ಚು. ಆ ಭಾರವನ್ನು ತಡೆಯುವುದು ಪ್ಲಾಸ್ಟಿಕ್ಕು, ಆದರೆ ನೀರನ್ನು ತಡೆಯುವುದು ಶಾವಿಗೆ ಎಳೆಯಷ್ಟು ದಪ್ಪದ ಆ ರಬ್ಬರ್ ಮಾತ್ರ.

ಇಷ್ಟೆಲ್ಲ ಗೊತ್ತಿದ್ದ ನಾನೇ ನನ್ನ ಮೊದಲ ಕ್ಯಾಮೆರಾವನ್ನು ಮುಳುಗಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನೇತ್ರಾಣಿಯ ಬಳಿ ದೋಣಿ ಲಂಗರು ಹಾಕಿತ್ತು, ಎಲ್ಲರೂ ನೀರಿಗೆ ಹಾರಲು ಆತುರದಲ್ಲಿದ್ದರು. ಸೆಲ್ ಬದಲಿಸಲೆಂದು ದೋಣಿಯ ಮೇಲೆಯೇ ಪೆಟ್ಟಿಗೆ ತೆರೆದು, ಟವೆಲಿನಲ್ಲಿ ಕೈ ಒರೆಸಿಕೊಂಡು ಮುಚ್ಚಿದೆ. ನೀರಿಗಿಳಿದು ಇನ್ನೂ ನಾಲ್ಕು ಮೀಟರ್ ತಲುಪಿಲ್ಲ, ಪೆಟ್ಟಿಗೆಯ ಕೆಳಮೂಲೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ಕ್ಯಾಮೆರಾ ಓರೆ ಮಾಡಿ ನೋಡಿದರೆ ಒಳಗೆ ನೀರಿನ ಗೆರೆ; ರಸಮಟ್ಟದ ಗುಳ್ಳೆಯಂತೆ ಅತ್ತಿತ್ತ ಓಲಾಡುತ್ತ ಪರದೆಯ ಅರ್ಧಕ್ಕೆ ಬಂದಿತ್ತು. ಪರದೆಯಲ್ಲಿ ಕೊನೆಯದಾಗಿ ಕಂಡದ್ದು ನನ್ನದೇ ಹೆಬ್ಬೆರಳು. ಮೇಲೆ ಬಂದು ಬಾಗಿಲು ತೆಗೆದರೆ ಓ-ರಿಂಗಿನ ಮೇಲೆ ಟವೆಲಿನ ಒಂದು ನೂಲು ಅಡ್ಡ ಬಿದ್ದಿತ್ತು. ತಪ್ಪು ಪೆಟ್ಟಿಗೆಯದಲ್ಲ, ಮೂವತ್ತು ವರ್ಷ ಓ-ರಿಂಗ್ ತಪಾಸಣೆ ಮಾಡಿದವನದು. ಇಂಥ ಸೋರಿಕೆ ಹೆಚ್ಚಾಗಿ ಕಡಿಮೆ ಆಳದಲ್ಲೇ ಆಗುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಬಾಗಿಲನ್ನು ಅದುಮಿ ಉಂಗುರವನ್ನು ಬಿಗಿಯಾಗಿ ಕೂರಿಸುತ್ತದೆ, ಮೇಲ್ಮೈ ಬಳಿ ಆ ಸಹಾಯ ಇರುವುದಿಲ್ಲ.

ಅಂದಿನಿಂದ ನಾನು ದೋಣಿಯಲ್ಲಿ ಪೆಟ್ಟಿಗೆ ತೆರೆಯುವುದನ್ನು ಬಿಟ್ಟಿದ್ದೇನೆ. ಹಿಂದಿನ ರಾತ್ರಿಯೇ ಲಾಡ್ಜಿನ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿ, ಉಂಗುರವನ್ನು ಬೆರಳಿನಿಂದಲೇ ಬಿಡಿಸಿ (ಪಿನ್ನು, ಸೂಜಿ ತಗಲಿಸಲೇಬಾರದು), ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಸಿಲಿಕೋನ್ ಗ್ರೀಸನ್ನು ಮಿಂಚುವಷ್ಟು ಮಾತ್ರ ಸವರಿ ಕೂರಿಸುತ್ತೇನೆ. ಗ್ರೀಸ್ ಹೆಚ್ಚಾದರೆ ನೀರು ಹೆಚ್ಚು ತಡೆಯುತ್ತದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ಅದು ಹೆಚ್ಚಾಗಿ ತಡೆಯುವುದು ಮರಳನ್ನು ಹೊರಹೋಗದಂತೆ. ಹೊಸ ಪೆಟ್ಟಿಗೆಯಾದರೆ ಮೊದಲ ಡೈವಿನಲ್ಲಿ ಕ್ಯಾಮೆರಾ ಇಡದೆ, ಒಂದು ತುಂಡು ಟಿಶ್ಯೂ ಕಾಗದ ಇಟ್ಟು ಇಳಿಸಿ ತನ್ನಿ. ಕಾಗದ ಒಣಗಿಯೇ ಬಂದರೆ ಮುಂದಿನ ಡೈವಿಗೆ ಕ್ಯಾಮೆರಾ. ಒಳಗೆ ಆವಿ ಕಟ್ಟದಿರಲು ಶೂ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಸಾಕು, ಆದರೆ ಒಮ್ಮೆ ತೇವ ಹೀರಿದ್ದನ್ನು ಹಾಗೇ ಮತ್ತೆ ಇಡಬಾರದು. ದೋಣಿಯಲ್ಲಿ ಬಿಸಿಲಿಗೆ ಕಾದ ಪೆಟ್ಟಿಗೆಯನ್ನು ಹಾಗೆಯೇ ನೀರಿಗಿಳಿಸಿದರೆ ಗಾಜಿನ ಒಳಮೈ ಮಂಜಾಗಿ, ಮೀನಿನ ಬದಲು ಮಡಿಕೇರಿಯ ಬೆಳಗು ಕಾಣಿಸುತ್ತದೆ.

ಇನ್ನು ಬಣ್ಣದ ವಿಷಯ. ಅಗ್ಗದ ಕ್ಯಾಮೆರಾ ತಂದವರೆಲ್ಲ ಮೊದಲು ದೂರುವುದು ಇದನ್ನೇ: ‘ಎಲ್ಲ ಹಸಿರು ಸ್ವಾಮಿ, ಏನೂ ಕಾಣುವುದಿಲ್ಲ’. ಇದು ಕ್ಯಾಮೆರಾದ ಬಡತನವಲ್ಲ, ನೀರಿನ ಸ್ವಭಾವ. ನೀರು ಬೆಳಕಿನ ಕೆಂಪನ್ನು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ. ಐದಾರು ಮೀಟರಿನಲ್ಲೇ ಅದು ಬಹುಪಾಲು ಮಾಯ, ಅದರ ಹಿಂದೆ ಕಿತ್ತಳೆ, ಆಮೇಲೆ ಹಳದಿ. ಒಮ್ಮೆ ಬೆಳಿಗ್ಗೆ ಮುರುಡೇಶ್ವರನ ದರ್ಶನ ಮಾಡಿ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಸಿಕೊಂಡು ದೋಣಿ ಹತ್ತಿದ್ದೆ. 12 ಮೀಟರ್ ಆಳದಲ್ಲಿ ಆಳ, ಸಮಯ ತೋರಿಸುವ ಕೈಗಡಿಯಾರದಂಥ ಡೈವ್ ಕಂಪ್ಯೂಟರ್ ನೋಡಲು ಕೈ ಎತ್ತಿದರೆ ದಾರ ಇದ್ದಿಲ ಬಣ್ಣಕ್ಕೆ ತಿರುಗಿತ್ತು. ಜೊತೆಗಾರ ತನ್ನ ಟಾರ್ಚನ್ನು ಅದರ ಮೇಲೆ ಹಿಡಿದ. ದಾರ ಕೆಂಡದಂತೆ ಕೆಂಪಾಯಿತು. ಟಾರ್ಚ್ ತೆಗೆದ; ಮತ್ತೆ ಇದ್ದಿಲು. ನಾವಿಬ್ಬರೂ ಮಕ್ಕಳ ಹಾಗೆ ಐದಾರು ಸಲ ಹೀಗೇ ಮಾಡಿದೆವು, ಪಕ್ಕದಲ್ಲಿ ಹಾದುಹೋದ ಆಮೆಯನ್ನು ಇಬ್ಬರೂ ನೋಡಲಿಲ್ಲವಂತೆ.

ದುಬಾರಿ ಕ್ಯಾಮೆರಾಗಳಲ್ಲಿ ಬಿಳಿ ಹಲಗೆಯನ್ನು ತೋರಿಸಿ ‘ಇದೇ ಬಿಳಿ’ ಎಂದು ಕ್ಯಾಮೆರಾಗೆ ಹೇಳಿಕೊಡುವ ಅನುಕೂಲ ಇರುತ್ತದೆ. ಫ್ಲಿಪ್‌ನಂಥವುಗಳಲ್ಲಿ ಅದಿಲ್ಲ. ಅದಕ್ಕೆ ಉಪಾಯವೆಂದರೆ ಕೆಂಪು ಫಿಲ್ಟರ್. ನೀರು ಕಸಿದ ಕೆಂಪನ್ನು ಅದು ವಾಪಸು ಕೊಡುವುದಿಲ್ಲ, ಉಳಿದ ನೀಲಿ ಹಸಿರನ್ನು ತಗ್ಗಿಸಿ ಅಳಿದುಳಿದ ಕೆಂಪಿಗೆ ಮಾತನಾಡಲು ಎಡೆ ಮಾಡಿಕೊಡುತ್ತದೆ. ನಾಟಕಗಳಿಗೆ ಬೆಳಕು ಮಾಡುವ ಗೆಳೆಯರೊಬ್ಬರು ದೀಪಗಳಿಗೆ ಹಾಕುವ ಜಿಲೆಟಿನ್ ಹಾಳೆಯ ಚೂರುಗಳನ್ನು ನನಗೆ ಪುಕ್ಕಟೆಯಾಗಿ ಕೊಟ್ಟಿದ್ದರು. ಲೆನ್ಸಿನ ಎದುರು, ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ ಅಂಚೆಚೀಟಿಯಷ್ಟು ಆ ಹಾಳೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಇದಕ್ಕೆ ಮಿತಿಗಳೂ ಇವೆ. ನೀರು ನೀಲಿಯಾಗಿದ್ದರೆ ಕೆಂಪು ಸರಿ; ನಮ್ಮ ಕರಾವಳಿಯಲ್ಲಿ ಹಲವು ದಿನ ಇರುವಂತೆ ಹಸಿರಾಗಿದ್ದರೆ ಕೆಂಪುನೇರಳೆ ಹಾಳೆ ಮೇಲು. ಯಾವ ಫಿಲ್ಟರೇ ಆದರೂ ಬೆಳಕನ್ನು ತಿನ್ನುತ್ತದೆ, ಆದ್ದರಿಂದ ಬಿಸಿಲು ನೆತ್ತಿಯ ಮೇಲಿರುವ ಹೊತ್ತು, ಐದರಿಂದ ಹದಿನೈದು ಮೀಟರ್‌ ನಡುವೆ ಮಾತ್ರ ಅದರ ಆಟ. ಅದರಾಚೆಗೆ ದೀಪ ಬೇಕು. ದೀಪವನ್ನು ಲೆನ್ಸಿಗೆ ಅಂಟಿದಂತೆ ಹಿಡಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಬೆಳಗಿ, ಮಳೆಯಲ್ಲಿ ಕಾರಿನ ಹೆಡ್‌ಲೈಟ್ ಹಾಕಿದಂತೆ ಆಗುತ್ತದೆ. ಅದನ್ನು ಪಕ್ಕಕ್ಕೆ ತೋಳಳತೆ ದೂರ ಚಾಚಿ ಹಿಡಿಯಬೇಕು.

ದೂರದ ಲೆಕ್ಕವೂ ನೀರಿನಲ್ಲಿ ಬೇರೆಯೇ. ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದಾಗ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರವಾಗಿಯೂ ಮೂರನೇ ಒಂದು ಭಾಗ ದೊಡ್ಡದಾಗಿಯೂ ತೋರುತ್ತವೆ. ಅಗ್ಗದ ಕ್ಯಾಮೆರಾಗಳ ಫೋಕಸ್ ಸ್ಥಿರವಾಗಿದ್ದು, ಒಂದು ಮೀಟರಿನಿಂದಾಚೆ ಸ್ಪಷ್ಟವಾಗಿ ಕಾಣುವಂಥ ಕ್ಯಾಮೆರಾ ನೀರಿನಲ್ಲಿ ಸುಮಾರು ಒಂದೂಕಾಲು, ಒಂದೂವರೆ ಮೀಟರ್ ದೂರ ಬೇಡುತ್ತದೆ. ನೀರು ಕದಡಿದ್ದರೆ ಅಷ್ಟು ದೂರಕ್ಕೇ ಮಸುಕು. ಹೀಗಾಗಿ ಇಂಥ ಕ್ಯಾಮೆರಾದಲ್ಲಿ ಕಡಲಕುದುರೆಯ ಕಣ್ಣು ತೆಗೆಯುತ್ತೇನೆ ಎಂದು ಹೊರಟರೆ ನಿರಾಸೆಯೇ. ಮೀನಿನ ಹಿಂಡು, ಬಂಡೆಯ ಇಳಿಜಾರು, ಮೇಲೆ ನಿಂತ ದೋಣಿಯ ನೆರಳು, ಎದುರು ಬರುವ ಜೊತೆಗಾರ, ಇವು ಅದಕ್ಕೆ ಒಗ್ಗುವ ವಿಷಯಗಳು. ಮೊದಮೊದಲು ಬಂದ ಗೋಪ್ರೊ ಪೆಟ್ಟಿಗೆಯ ಎದುರು ಗಾಜು ಉಬ್ಬಾಗಿತ್ತು; ನೆಲದ ಮೇಲೆ ಚೊಕ್ಕ, ನೀರಿನಲ್ಲಿ ಮಸುಕು. ಹಳೆಯ ಮಾಲು ಕೊಳ್ಳುವವರು ಗಾಜು ಚಪ್ಪಟೆಯಾಗಿದೆಯೇ ಎಂದು ಬೆರಳಾಡಿಸಿ ನೋಡಿ ಕೊಳ್ಳುವುದು ಒಳ್ಳೆಯದು.

ನಡುಕ ಹೋಗಲಾಡಿಸಲು ನಾನು ಅಲ್ಯೂಮಿನಿಯಂ ಪಟ್ಟಿಯೊಂದಕ್ಕೆ ಎರಡು ತುದಿಯಲ್ಲಿ ಸೈಕಲ್ ಹಿಡಿಗಳನ್ನು ಕೂರಿಸಿ, ನಡುವೆ ಪೆಟ್ಟಿಗೆ ಬಿಗಿದಿದ್ದೇನೆ. ಪೆಟ್ಟಿಗೆ ಗಾಳಿ ತುಂಬಿದ್ದು, ಬಿಟ್ಟರೆ ಮೇಲಕ್ಕೆ ಹೋಗುತ್ತದೆ. ಮುರುಡೇಶ್ವರದ ಮೀನುಗಾರರೊಬ್ಬರು ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕೊಟ್ಟರು, ಅವನ್ನು ಪಟ್ಟಿಯ ಕೆಳಗೆ ಕಟ್ಟಿದ ಮೇಲೆ ಏಳದೆ ಮುಳುಗದೆ ನಿಂತಿತು. ಮೀನನ್ನು ಅಟ್ಟಿಸಿಕೊಂಡು ಹೋಗಬಾರದು. ಹೋದರೆ ಸಿಗುವುದು ಬಾಲದ ವಿಡಿಯೊ. ಒಂದೆಡೆ ನಿಂತು, ಜೂಮ್ ಮುಟ್ಟದೆ, ಒಂದೊಂದು ದೃಶ್ಯವನ್ನು ಹತ್ತು ಸೆಕೆಂಡ್ ಅಲುಗಾಡದೆ ಹಿಡಿದರೆ ಮೀನು ತಾನಾಗಿ ಬಂದು ವಿಚಾರಿಸಿಕೊಂಡು ಹೋಗುತ್ತದೆ.

ಒಂದೆಡೆ ನಿಲ್ಲುವುದು ಎಂದೆನಲ್ಲ, ನನ್ನ ಪತ್ರದ ಉದ್ದೇಶವೆಲ್ಲ ಆ ಮಾತಿನಲ್ಲಿದೆ. ನೀರಿನಲ್ಲಿ ಏಳದೆ ಮುಳುಗದೆ, ಏನನ್ನೂ ಹಿಡಿಯದೆ, ಉಸಿರಾಟದ ಏರಿಳಿತದಿಂದಲೇ ನಿಲ್ಲಲು ಕಲಿಯಲು ನನಗೆ ಮೂವತ್ತಕ್ಕೂ ಹೆಚ್ಚು ಡೈವ್ ಬೇಕಾಯಿತು. ಅದಕ್ಕೆ ಮುಂಚೆಯೇ ಕ್ಯಾಮೆರಾ ಕೈಗೆತ್ತಿಕೊಂಡದ್ದು ನನ್ನ ದೊಡ್ಡ ತಪ್ಪು. ಒಮ್ಮೆ ಗಿಳಿಮೀನೊಂದು ಹವಳವನ್ನು ಕಟಕಟ ಕಡಿಯುತ್ತಿದ್ದುದನ್ನು ಚಿತ್ರೀಕರಿಸುತ್ತಿದ್ದೆ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಕಣ್ಣಿಟ್ಟವನಿಗೆ ಕಾಲು ಎಲ್ಲಿದೆ ಎಂಬ ಪರಿವೆಯೇ ಇರಲಿಲ್ಲ. ಹಿಂದೆ ಏನೋ ಮುರಿದ ಹಾಗೆ ಫಿನ್ನಿಗೆ (ಕಾಲಿಗೆ ತೊಡುವ ಈಜುರೆಕ್ಕೆಗೆ) ತಾಗಿತು. ತಿರುಗಿ ನೋಡಿದರೆ ಬೆರಳುದ್ದದ ಹವಳದ ಕವಲು, ಮುರಿದ ಮುಖ ಸುಣ್ಣದಂತೆ ಬೆಳ್ಳಗೆ, ಮರಳಿನ ಮೇಲೆ ಬಿದ್ದಿತ್ತು. ಆ ವಿಡಿಯೊ ಇನ್ನೂ ನನ್ನ ಬಳಿ ಇದೆ. ಗಿಳಿಮೀನು ಚೆನ್ನಾಗಿಯೇ ಬಂದಿದೆ, ಹದಿನಾಲ್ಕನೆಯ ಸೆಕೆಂಡಿಗೆ ಒಂದು ಟಕ್ ಎಂಬ ಸದ್ದು ಕೇಳುತ್ತದೆ. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಜೊತೆಗೇ ಇವೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಹವಳದ ಮಾತು ಹಾಗಿರಲಿ, ಮುಳುಗುವವರ ಜೀವಕ್ಕೂ ಇದು ಸಂಬಂಧಿಸಿದ್ದು. ಚಿತ್ರ ಅಲುಗಬಾರದೆಂದು ಉಸಿರು ಬಿಗಿಹಿಡಿಯುವುದು ನೆಲದ ಮೇಲಿನ ಛಾಯಾಗ್ರಾಹಕರ ಅಭ್ಯಾಸ. ಸ್ಕೂಬಾದಲ್ಲಿ ಅದು ಎಲ್ಲಕ್ಕಿಂತ ಮೊದಲ ನಿಷೇಧ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ತುಂಬಿ ಹಿಡಿದವನು ತನಗರಿವಿಲ್ಲದೆ ಒಂದೆರಡು ಮೀಟರ್ ಮೇಲೇರಿದರೂ ಶ್ವಾಸಕೋಶಕ್ಕೆ ಗಾಯವಾಗಬಹುದು. ಉಸಿರು ತುಂಬಿದಾಗ ದೇಹ ತಾನಾಗಿಯೇ ಮೇಲೇರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಗುಳ್ಳೆಯ ಸದ್ದು ವಿಡಿಯೊದಲ್ಲಿ ಬಂದರೆ ಬರಲಿ. ಇದಕ್ಕೆ ವಿರುದ್ಧವಾದ ತಪ್ಪನ್ನೂ ನಾನು ಮಾಡಿದ್ದೇನೆ: ಮೀನಿನ ಹಿಂಡನ್ನು ಹಿಂಬಾಲಿಸುತ್ತ 12 ಮೀಟರಿನಿಂದ 17ಕ್ಕೆ ಇಳಿದದ್ದು ಗೊತ್ತಾದದ್ದು ಜೊತೆಗಾರ ತನ್ನ ಸಿಲಿಂಡರಿಗೆ ಲೋಹದ ಕೊಂಡಿಯಿಂದ ಟಣಟಣ ಬಡಿದಾಗ. ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಮುಳ್ಳು ಆಗ 60 ಬಾರ್‌ನಲ್ಲಿತ್ತು. 50ಕ್ಕೆ ಬರುವುದರೊಳಗೆ ಮೇಲಿರಬೇಕೆಂಬುದು ಪಾಠ.

ಈ ಕಾರಣದಿಂದಲೇ, ಮೊದಲ ಸಲ ಮುಳುಗುವವರಿಗೆ ಸ್ವಂತ ಕ್ಯಾಮೆರಾ ಬೇಡ ಎನ್ನುವ ಡೈವಿಂಗ್ ಸಂಸ್ಥೆಗಳ ನಿಯಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ತರಬೇತಿಯಿಲ್ಲದವರನ್ನು ಹೆಚ್ಚೆಂದರೆ 12 ಮೀಟರ್‌ವರೆಗೆ, ಬೋಧಕರ ಕೈ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಅಂಥವರ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಏಕೆ? ನನ್ನ ಆಕ್ಷೇಪ ಕಾರಣವನ್ನು ಮುಚ್ಚಿಡುವುದಕ್ಕೆ. ಅನೇಕ ಕಡೆ ‘ಸುರಕ್ಷತೆಗಾಗಿ’ ಎನ್ನುವ ಬದಲು ‘ನಮ್ಮದೇ ಪ್ಯಾಕೇಜ್ ಇದೆ, ತೊಗೊಳ್ಳಿ ಸರ್’ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಕುಟುಂಬದವರು ಕರಾವಳಿಯ ಒಂದು ಸಂಸ್ಥೆಗೆ ಬೇರೆಯಾಗಿ ದುಡ್ಡು ಕೊಟ್ಟು ತಂದ ಪೆನ್‌ಡ್ರೈವಿನಲ್ಲಿ ಅವರು ಇರುವ ದೃಶ್ಯ ಎರಡು ನಿಮಿಷ, ಉಳಿದ ಐದು ನಿಮಿಷ ಅವರು ಕಾಣದೇ ಇದ್ದ ಲಯನ್‌ಫಿಶ್, ಅವರು ಇಳಿಯದೇ ಇದ್ದ ಬಂಡೆ. ತಂಗಿ ಇಂದಿಗೂ ಬಂದ ನೆಂಟರಿಗೆ ‘ನಾವು ನೋಡಿದ ಮೀನು’ ಎಂದೇ ಅದನ್ನು ತೋರಿಸುತ್ತಾಳೆ, ನಾನು ಸುಮ್ಮನಿರುತ್ತೇನೆ.

ಬೆಂಗಳೂರಿನ ಈಜುಕೊಳಗಳಲ್ಲಿ ಸ್ಕೂಬಾ ಕಲಿಸುವ ಬೋಧಕರಲ್ಲಿ ನನ್ನದೊಂದು ಬಿನ್ನಹ ಇದೆ. ಇಲ್ಲಿ ಕಲಿತು ವಾರಾಂತ್ಯಕ್ಕೆ ಕಡಲಿಗೆ ಹೋಗುವ ಯುವಕ ಯುವತಿಯರ ಚೀಲದಲ್ಲಿ ಇಂದು ಕ್ಯಾಮೆರಾ ಇದ್ದೇ ಇರುತ್ತದೆ. ಬೇಡವೆಂದರೂ ಎರಡನೆಯ ಸಲ ತಂದೇ ತರುತ್ತಾರೆ. ಕೊಳದ ತರಬೇತಿಯ ಕೊನೆಗೆ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟರೆ ಬಹಳ ಉಪಕಾರವಾಗುತ್ತದೆ. ತಳದಲ್ಲಿ ಒಂದು ಸ್ಟೀಲ್ ಲೋಟ ಇಟ್ಟು, ಟೈಲ್ಸಿಗೆ ಫಿನ್ನಾಗಲಿ ಮೊಣಕಾಲಾಗಲಿ ತಾಗಿಸದೆ, ಉಸಿರು ಕಟ್ಟದೆ, ಅದನ್ನು ಒಂದು ನಿಮಿಷ ಚಿತ್ರೀಕರಿಸಿ ತರಲು ಹೇಳಲಿ. ಆ ನಿಮಿಷದಲ್ಲಿ ಮೂರು ಸಲ ಗಾಳಿಯ ಮುಳ್ಳು ನೋಡಿರಬೇಕು ಎಂಬ ಷರತ್ತೂ ಇರಲಿ. ಲೋಟ ಚೌಕಟ್ಟಿನ ನಡುವೆ ಉಳಿದರೆ ಅಂಥವರು ಹವಳದ ಬಳಿಗೆ ಕ್ಯಾಮೆರಾ ಒಯ್ಯಬಹುದು. ನಾನು ಇದನ್ನು ನನ್ನ ಪರಿಚಯದ ನಾಲ್ವರು ಹುಡುಗರಿಂದ ಮಾಡಿಸಿದೆ. ಮೊದಲ ದಿನ ನಾಲ್ವರೂ ಲೋಟವನ್ನು ಒದ್ದರು.

ಇಷ್ಟು ಕಲಿತವರು ತೆಗೆದ ವಿಡಿಯೊ ಮೋಜಿಗಷ್ಟೇ ಅಲ್ಲ, ಬೇರೆ ಕೆಲಸಕ್ಕೂ ಬಂದೀತು. ನೇತ್ರಾಣಿಯ ಒಂದು ಬಂಡೆಯನ್ನು, ಒಂದೇ ಬದಿಯಿಂದ, ನಾನು ಹೋದಾಗಲೆಲ್ಲ ಚಿತ್ರೀಕರಿಸಿ ದಿನಾಂಕ ಮತ್ತು ಆಳ ಬರೆದಿಟ್ಟುಕೊಂಡಿದ್ದೇನೆ. ನೀರು ಬಿಸಿಯೇರಿದಾಗ ಹವಳ ಬಿಳಿಚಿಕೊಳ್ಳುವುದನ್ನು ಎಲ್ಲರೂ ಓದಿರುತ್ತಾರೆ. ಆದರೆ ವಿಡಿಯೊದಲ್ಲಿ ಹವಳ ಬೆಳ್ಳಗೆ ಕಂಡಿತೆಂದು ಹಾಗೇ ನಂಬುವಂತಿಲ್ಲ. ಅಗ್ಗದ ಕ್ಯಾಮೆರಾ ತನಗೆ ತೋಚಿದ ಬಣ್ಣ ಹಾಕಿಕೊಳ್ಳುತ್ತದೆ, ಫಿಲ್ಟರ್ ಇನ್ನೊಂದು ಬಣ್ಣ ಬೆರೆಸುತ್ತದೆ. ಅದಕ್ಕಾಗಿ ನಾನು ಪ್ರತಿ ಸಲವೂ ಚೌಕಟ್ಟಿನ ಒಂದು ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಹಲಗೆಯನ್ನು ಹಿಡಿದಿರುತ್ತೇನೆ. ಹಲಗೆಯ ಬಿಳಿಗೆ ಹೋಲಿಸಿ ನೋಡಿದರೆ ಹವಳದ ಬಣ್ಣದ ಬಗ್ಗೆ ಒಂದಿಷ್ಟು ಧೈರ್ಯದಿಂದ ಮಾತನಾಡಬಹುದು.

ಬೆಂಗಳೂರಿನ ಓದುಗರಿಗೆ ಕೊನೆಯದಾಗಿ ಒಂದು ಮಾತು, ಕ್ಯಾಮೆರಾಗೂ ಇದಕ್ಕೂ ನಂಟಿದೆ. ಮಧ್ಯಾಹ್ನ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸು ಹತ್ತಿ ಘಟ್ಟ ಏರುವುದು ನಮ್ಮವರ ರೂಢಿ. ಸೋಮವಾರ ಆಫೀಸು ಇರುತ್ತದಲ್ಲ. ಮುಳುಗಿದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು, ಅದಕ್ಕೆ ಮುಂಚೆಯೇ ಎತ್ತರಕ್ಕೇರಿದರೆ ಅಪಾಯ. ಒಂದು ಡೈವ್ ಮಾಡಿದವರು 12 ಗಂಟೆ, ಹಲವು ಮಾಡಿದವರು 18 ಗಂಟೆ ಕಾಯದೆ ವಿಮಾನ ಹತ್ತಬಾರದು ಎಂಬ ಸಲಹೆ ಸುಮಾರು 600 ಮೀಟರಿಗಿಂತ ಮೇಲೇರುವ ರಸ್ತೆಗೂ ಅನ್ವಯಿಸುತ್ತದೆ, ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಆ ರಾತ್ರಿ ಕಡಲ ಬದಿಯಲ್ಲೇ ಉಳಿದು, ಪೆಟ್ಟಿಗೆಯನ್ನು ತೆರೆಯದೆ ಒಂದು ಬಕೆಟ್ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ನೀರೊಳಗೇ ಅದರ ಗುಂಡಿಗಳನ್ನು ಹತ್ತಾರು ಸಲ ಒತ್ತಿ ಬಿಟ್ಟರೆ ಉಪ್ಪು ಹರಳುಗಟ್ಟುವುದಿಲ್ಲ. ಬೆಂಗಳೂರಿಗೆ ಬಂದು ತೊಳೆದರಾಯಿತು ಎಂದು ಬಿಟ್ಟವರ ಗುಂಡಿಗಳು ಎರಡನೆಯ ಪ್ರವಾಸಕ್ಕೆ ಅಂಟಿಕೊಂಡಿರುತ್ತವೆ. ನಮ್ಮ ಬಡಾವಣೆಯಲ್ಲಿ ಆ ಹೊತ್ತಿಗೆ ಕಾವೇರಿ ನೀರು ಬರುವ ಭರವಸೆಯೂ ಇಲ್ಲ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಹವಳವನ್ನು ಹಿಡಿದ ಕೈಯಿರುವ ಚಿತ್ರವನ್ನು ದಯವಿಟ್ಟು ಬಳಸಬೇಡಿರೆಂದು ಕೋರುತ್ತೇನೆ; ಸಾವಿರಾರು ಓದುಗರು ಹಾಗೆಯೇ ಹಿಡಿಯಬೇಕೆಂದು ತಿಳಿಯುತ್ತಾರೆ. ಬದಲಿಗೆ ಬೇಕಾದರೆ ನನ್ನ ಬಳಿ ಇರುವ ವಿಡಿಯೊಗಳಿಂದ ಆಯ್ದ ಚಿತ್ರಗಳನ್ನು ಕಳಿಸಿಕೊಡಬಲ್ಲೆ. ಅಂಚುಗಳು ಕೊಂಚ ಮಸುಕು, ಬಲಮೂಲೆಯಲ್ಲಿ ಜಿಲೆಟಿನ್ ಹಾಳೆಯ ಸುಕ್ಕು ಕಾಣುತ್ತದೆ, ಎರಡು ಕಾಲಂ ಅಗಲಕ್ಕೆ ಮೋಸವಿಲ್ಲದೆ ಅಚ್ಚಾಗುತ್ತವೆ.

ಇಂತಿ,
ನಿಮ್ಮ ಓದುಗ,
ಮಹಾಲಕ್ಷ್ಮಿ ಬಡಾವಣೆ, ಬೆಂಗಳೂರು